ಓದುಗರ ಪ್ರಶ್ನೆ: ರಕ್ತಪಿಶಾಚಿಯ ಪ್ರೇಮಕಥೆ ಯಾಕೆ ಹಿಡಿಸಿತು?

ವ್ಯಾಂಪೈರ್, ಅಂದರೆ ಮನುಷ್ಯರ ರಕ್ತ ಕುಡಿದು ಬದುಕುವ ಪಿಶಾಚಿಯ ಕಾದಂಬರಿಗಳ ಬಗ್ಗೆ ಉತ್ತರ ಕನ್ನಡದ ಓದುಗರು ಕೇಳಿದ ಐದು ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಕಾರಂತ, ಭೈರಪ್ಪ, ಚಿತ್ತಾಲ ಎಂದು ಓದಿಕೊಂಡು ಬಂದವಳು ನಾನು. ದೆವ್ವ-ಭೂತದ ಕಥೆ ಎಂದರೆ ಮೊದಲಿಂದಲೂ ತಾತ್ಸಾರ. ಮಳೆಗಾಲದಲ್ಲಿ ಸೊಸೆ ಮನೆಯಲ್ಲಿ ಬಿಟ್ಟುಹೋದ ಇಂಗ್ಲಿಷ್ ವ್ಯಾಂಪೈರ್ ಪ್ರೇಮ ಕಾದಂಬರಿಯನ್ನು ತಪ್ಪು ಹುಡುಕಲಿಕ್ಕೆಂದೇ ಕೈಗೆತ್ತಿಕೊಂಡೆ. ಕೆಳಗಿಡಲು ಆಗಲಿಲ್ಲ. ನನ್ನ ಅಭಿರುಚಿ ಕೆಟ್ಟಿತೇ, ಪುಸ್ತಕವೇ ಚೆನ್ನಾಗಿದೆಯೇ? ನಮ್ಮ ಓದುಗರ ಬಳಗದಲ್ಲಿ ಇದನ್ನು ಯಾವ ಮುಖ ಇಟ್ಟುಕೊಂಡು ಹೇಳಲಿ?
— ನಿವೃತ್ತ ಶಿಕ್ಷಕಿ, ಶಿರಸಿ

ಉತ್ತರ: ಅಭಿರುಚಿ ಕೆಟ್ಟಿಲ್ಲ. ನಿಮಗೆ ಹಿಡಿಸಿದ್ದು ದೆವ್ವವಲ್ಲ, ಸಂಯಮ. ಸಾಧಾರಣ ಪ್ರೇಮಕಥೆಯಲ್ಲಿ ಇಬ್ಬರ ನಡುವೆ ಅಡ್ಡ ಬರುವುದು ಜಾತಿ, ಹಣ, ಮನೆಯವರು, ಇಲ್ಲವೇ ಒಂದು ತಪ್ಪು ತಿಳಿವಳಿಕೆ. ಎಲ್ಲವೂ ಹೊರಗಿನವು. ವ್ಯಾಂಪೈರ್ ಪ್ರೇಮಕಥೆಯಲ್ಲಿ ಅಡ್ಡಿ ಪ್ರೀತಿಸುವವನ ಮೈಯೊಳಗೇ ಇದೆ. ಅವಳ ಹತ್ತಿರ ಹೋಗಬೇಕೆನ್ನುವ ಆಸೆಯೂ ಅವಳನ್ನು ಕೊಲ್ಲಬಲ್ಲ ಹಸಿವೂ ಅವನಲ್ಲಿ ಒಂದೇ. ಹಾಗಾಗಿ ಅವನು ಒಂದು ಹೆಜ್ಜೆ ಮುಂದಿಟ್ಟರೂ ಅದಕ್ಕೆ ತೂಕ ಬರುತ್ತದೆ, ಬರೀ ಕೈ ಹಿಡಿಯುವ ದೃಶ್ಯ ಹತ್ತು ಪುಟ ನಡೆದರೂ ಓದುಗರಿಗೆ ಬೇಸರ ಬರುವುದಿಲ್ಲ.

ಈ ಕಟ್ಟು ನಿಮಗೆ ಹೊಸದೂ ಅಲ್ಲ. ಆದಿಪರ್ವದ ಹಿಡಿಂಬೆಯನ್ನು ನೆನಪಿಸಿಕೊಳ್ಳಿ. ಕಾಡಿನಲ್ಲಿ ಮಲಗಿದ್ದ ಪಾಂಡವರನ್ನು ಕೊಂದು ತರಲು ಅಣ್ಣ ಹಿಡಿಂಬ ಅವಳನ್ನು ಕಳಿಸುತ್ತಾನೆ. ಆಹಾರವೆಂದು ನೋಡಲು ಹೋದವಳು ಭೀಮನನ್ನು ಕಂಡು ಮನಸೋಲುತ್ತಾಳೆ. ಆಮೇಲೆ ಧರ್ಮರಾಯ ಹಾಕುವ ಕರಾರು ಗಮನಿಸಿ: ಹಗಲೆಲ್ಲ ಭೀಮನೊಡನೆ ಎಲ್ಲಿ ಬೇಕಾದರೂ ವಿಹರಿಸು, ರಾತ್ರಿ ಮಾತ್ರ ಅವನನ್ನು ನಮ್ಮ ಬಳಿಗೆ ತಂದು ಬಿಡಬೇಕು. ಭೀಮನೂ ಒಂದು ಗಡುವು ಸೇರಿಸುತ್ತಾನೆ: ಮಗ ಹುಟ್ಟುವವರೆಗೆ ಮಾತ್ರ. ನರಭಕ್ಷಕ ಕುಲದವಳು, ಪ್ರೀತಿ, ಹೊತ್ತಿನ ಕಟ್ಟುಪಾಡು, ಮೊದಲೇ ಗೊತ್ತಿರುವ ಅಗಲಿಕೆ, ನಾಲ್ಕೂ ಅಲ್ಲಿವೆ. ನಿಮ್ಮ ಶಿರಸಿಯಲ್ಲೇ ಬಾಲ್ಯ ಕಳೆದ ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲೂ (1988) ನಾಗ ಗಂಡನ ರೂಪ ತಾಳಿ ಬರುವುದು ರಾತ್ರಿ ಹೊತ್ತಿಗೆ, ರಾಣಿ ಪ್ರಶ್ನೆ ಕೇಳುವಂತಿಲ್ಲ. ಬಳಗದಲ್ಲಿ ಮಾತು ಇಲ್ಲಿಂದ ಶುರು ಮಾಡಿ, ಮುಖ ಮುಚ್ಚಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ.

ಪುಸ್ತಕ ನಿಜಕ್ಕೂ ಗಟ್ಟಿಯೇ ಎಂದು ತಿಳಿಯಲು ಪೆನ್ಸಿಲ್ ಹಿಡಿದು ಮೂರು ಜಾಗ ಮತ್ತೆ ಓದಿ. ಒಂದು, ಅವನು ಯಾರೆಂಬ ಗುಟ್ಟು ರಟ್ಟಾಗುವ ಜಾಗ. ನಾಯಕಿ ತಾನೇ ಸುಳಿವು ಕೂಡಿಸಿ ಕಂಡುಹಿಡಿದಳೇ, ಅವನೇ ಒಂದು ಅಧ್ಯಾಯವಿಡೀ ಕೂತು ಹೇಳಿದನೇ? ಹಿಂದಕ್ಕೆ ಹೋಗಿ ಸುಳಿವುಗಳಿಗೆ ಗುರುತು ಹಾಕಿ. ಮೂರಾದರೂ ಸಿಗಬೇಕು. ನಿಮ್ಮಂಥ ಅನುಮಾನದ ಓದುಗರನ್ನು ಇಂಥ ಕಾದಂಬರಿ ಗೆಲ್ಲುವುದೇ ಇಲ್ಲಿ, ಏಕೆಂದರೆ ನಾಯಕಿಯೂ ಮೊದಲು ನಂಬದವಳು, ನಿಮ್ಮ ಆಕ್ಷೇಪಗಳನ್ನೆಲ್ಲ ಅವಳೇ ಎತ್ತಿರುತ್ತಾಳೆ. ಎರಡು, ಅವನ ಬದುಕಿನ ನಿಯಮವೊಂದನ್ನು ಮೊದಲು ಹೇಳಿದ ಜಾಗ, ಮತ್ತು ಆ ನಿಯಮದಿಂದ ಇಬ್ಬರಿಗೂ ನಷ್ಟವಾದ ಜಾಗ. ನಷ್ಟವೇ ಆಗದಿದ್ದರೆ ನಿಯಮ ಬರೀ ಅಲಂಕಾರ.

ಮೂರನೆಯದು ಕೊನೆಯ ಭಾಗ. ಈ ಬಗೆಯ ಬಹಳಷ್ಟು ಕಾದಂಬರಿಗಳು ಸೊರಗುವುದು ಅಲ್ಲೇ. ಅಷ್ಟು ಹೊತ್ತಿಗೆ ಅವನ ಹಸಿವು ಪಳಗಿರುತ್ತದೆ. ಕಥೆ ಓಡಬೇಕಲ್ಲ ಎಂದು ಇನ್ನೊಬ್ಬ ಕೆಟ್ಟ ವ್ಯಾಂಪೈರನ್ನು ಹೊರಗಿನಿಂದ ತರುತ್ತಾರೆ. ಅಪಾಯ ಪ್ರೇಮಿಯ ಒಳಗಿನಿಂದ ಊರ ಹೊರಗಿನ ಖಳನಿಗೆ ಜಾರಿದ ಕೂಡಲೇ ಅದು ಹೊಡೆದಾಟದ ಕಥೆಯಾಗುತ್ತದೆ. ನೀವು ಓದಿದ್ದು ಆ ಜಾಗದಲ್ಲೂ ಬಿಗಿಯಾಗಿದ್ದರೆ ಅದು ಒಳ್ಳೆಯ ಪುಸ್ತಕ, ಸಂಶಯ ಬೇಡ.

ಪ್ರಶ್ನೆ: ಒಂದು ವ್ಯಾಂಪೈರ್ ಪ್ರೇಮಕಥೆ ಓದಿ ರುಚಿ ಹತ್ತಿದೆ. ಹಳೆಯವನ್ನು ಯಾವ ಕ್ರಮದಲ್ಲಿ ಓದಲಿ?
— ಪದವಿ ವಿದ್ಯಾರ್ಥಿನಿ, ಕಾರವಾರ

ಉತ್ತರ: ‘ಡ್ರಾಕುಲಾ’ದಿಂದ ಶುರು ಮಾಡಬೇಡಿ. ಪ್ರೇಮಕಥೆ ಎಂದುಕೊಂಡು ಹೋದರೆ ನಿರಾಸೆಯಾಗುತ್ತದೆ. ಅದು ಬೇಟೆಯ ಕಥೆ. ಮೊದಲು ಐರ್ಲೆಂಡಿನ ಶೆರಿಡನ್ ಲೆ ಫಾನು ಬರೆದ ‘ಕಾರ್ಮಿಲ್ಲಾ’ ಓದಿ. 1871–72ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಿರು ಕಾದಂಬರಿ, ಎರಡು ಸಂಜೆಗೆ ಮುಗಿಯುತ್ತದೆ. ಮೋಹ ಮತ್ತು ಭಯ ಒಟ್ಟಿಗೆ ಹೆಣೆದುಕೊಂಡಿರುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆಮೇಲೆ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ (1897). ಒಟ್ಟು 27 ಅಧ್ಯಾಯ, ಎಲ್ಲವೂ ದಿನಚರಿ, ಪತ್ರ, ಪತ್ರಿಕಾ ವರದಿಗಳ ರೂಪದಲ್ಲಿ. ಮೊದಲ ನಾಲ್ಕನ್ನು ಒಂದೇ ಸಲಕ್ಕೆ ಕೂತು ಓದಿ. ಕೋಟೆಯೊಳಗಿನ ಆ ಭಾಗದ ಬಿಗಿ ಮತ್ತೆಲ್ಲೂ ಇಲ್ಲ. ನಡುವೆ ಎಳೆದಂತೆ ಅನಿಸಿದರೆ ಬಿಡಬೇಡಿ. ಪುಸ್ತಕದ ದಿನಾಂಕಗಳು ಮೇ 3ರಿಂದ ನವೆಂಬರ್ ಮೊದಲ ವಾರದವರೆಗೆ ಹೋಗುತ್ತವೆ, ಒಂದು ಕಾಗದದಲ್ಲಿ ತಾರೀಖು ಬರೆದುಕೊಳ್ಳುತ್ತ ಹೋದರೆ ಯಾರಿಗೆ ಯಾವಾಗ ಏನು ಗೊತ್ತಾಯಿತೆಂಬ ಆಟ ಹಿಡಿತಕ್ಕೆ ಸಿಗುತ್ತದೆ.

ಎರಡೂ ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿಗಳು, ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅಂಗಡಿಯಲ್ಲಿ ಕೊಳ್ಳುವುದಾದರೆ ಮಕ್ಕಳಿಗಾಗಿ ಸಂಕ್ಷೇಪಿಸಿದ ಆವೃತ್ತಿ ಅಲ್ಲ ಎಂದು ಖಚಿತ ಮಾಡಿಕೊಳ್ಳಿ. ಮೂರನೆಯದಾಗಿ ಆ್ಯನ್ ರೈಸ್ ಬರೆದ, 1976ರಲ್ಲಿ ಪ್ರಕಟವಾದ ‘ಇಂಟರ್‌ವ್ಯೂ ವಿತ್ ದ ವ್ಯಾಂಪೈರ್’. ಅಲ್ಲಿ ರಕ್ತಪಿಶಾಚಿಯೇ ತನ್ನ ಕಥೆ ಹೇಳುತ್ತಾನೆ. 2005ರ ‘ಟ್ವೈಲೈಟ್’ ಕಾದಂಬರಿಯ ನಂತರದ ಪ್ರೇಮಕಥೆಗಳಲ್ಲಿ ಕಾಣುವ, ತನ್ನ ಹಸಿವಿಗೆ ತಾನೇ ನೊಂದುಕೊಳ್ಳುವ ನಾಯಕನಿಗೆ ದಾರಿ ಮಾಡಿಕೊಟ್ಟ ಪುಸ್ತಕಗಳಲ್ಲಿ ಇದು ದೊಡ್ಡದು.

ಪ್ರಶ್ನೆ: ಕಾಳಿ ನದಿಯ ಅಳಿವೆ, ಸದಾಶಿವಗಡದ ಆಸುಪಾಸಿನಲ್ಲಿ ನಡೆಯುವ ಒಂದು ವ್ಯಾಂಪೈರ್ ಪ್ರೇಮಕಥೆ ಬರೆಯುತ್ತಿದ್ದೇನೆ. ವ್ಯಾಂಪೈರ್‌ಗೆ ಆಗಿಬರದ ಬಿಸಿಲು, ಬೆಳ್ಳುಳ್ಳಿ, ಕನ್ನಡಿ ಎಲ್ಲ ಹಾಕಿದರೂ ನಕಲು ಅನಿಸುತ್ತದೆ. ಎಲ್ಲಿ ತಪ್ಪುತ್ತಿದೆ?
— ಯುವ ಬರಹಗಾರ, ಅಂಕೋಲಾ

ಉತ್ತರ: ಎಲ್ಲ ಹಾಕಿದ್ದೇ ತಪ್ಪು. ಮೂರು ನಿಯಮ ಸಾಕು, ಆದರೆ ಮೂರೂ ನಿಮ್ಮ ಊರಿನ ನೆಲಕ್ಕೆ ತಾಗಬೇಕು.

ಬಿಸಿಲಿನಿಂದ ಶುರು ಮಾಡೋಣ. ಸೂರ್ಯನ ಬೆಳಕು ಬಿದ್ದರೆ ವ್ಯಾಂಪೈರ್ ಸಾಯುತ್ತಾನೆ ಎಂಬುದು ನೆಲೆಯಾದದ್ದು 1922ರ ‘ನೊಸ್ಫೆರಾಟು’ ಮೂಕಿ ಚಿತ್ರದಿಂದ. ಸ್ಟೋಕರನ ಡ್ರಾಕುಲಾ ಲಂಡನ್ನಿನ ಬೀದಿಯಲ್ಲಿ ಹಗಲಲ್ಲೇ ಓಡಾಡುತ್ತಾನೆ, ಶಕ್ತಿ ಮಾತ್ರ ಕುಂದಿರುತ್ತದೆ. ಆದ್ದರಿಂದ ಈ ನಿಯಮ ಬಿಟ್ಟರೂ ಯಾರೂ ಆಕ್ಷೇಪಿಸುವಂತಿಲ್ಲ. ಇಟ್ಟುಕೊಂಡರೆ ಲೆಕ್ಕ ಸರಿ ಇರಲಿ. ಲಂಡನ್ನಿನಲ್ಲಿ ಡಿಸೆಂಬರ್ ರಾತ್ರಿ ಸುಮಾರು 16 ಗಂಟೆ, ಜೂನ್ ರಾತ್ರಿ ಏಳೂವರೆ ಗಂಟೆಯೂ ಇಲ್ಲ. ಅಲ್ಲಿನ ಕಥೆಗಾರರಿಗೆ ಋತುವೇ ಕಥೆ ನಡೆಸುತ್ತದೆ. ಕಾರವಾರದಲ್ಲಿ ಸೂರ್ಯ ಮುಳುಗುವುದು ಡಿಸೆಂಬರ್ ಕೊನೆಯಲ್ಲಿ ಸಂಜೆ 6.10ರ ಹೊತ್ತಿಗೆ, ಜೂನ್ ಕೊನೆಯಲ್ಲಿ 7.05ರ ಹೊತ್ತಿಗೆ. ವರ್ಷವಿಡೀ ರಾತ್ರಿಯ ಉದ್ದದಲ್ಲಿ ಎರಡು ಗಂಟೆಯ ವ್ಯತ್ಯಾಸವೂ ಇಲ್ಲ. ನಿಮಗೆ ಋತು ಕೊಡುವುದು ಮೋಡವನ್ನು. ಜುಲೈನಲ್ಲಿ ಘಟ್ಟದ ಮೇಲೆ ದಿನಗಟ್ಟಲೆ ಸೂರ್ಯ ಕಾಣದಿದ್ದಾಗ ಅವನು ಹಗಲು ಹೊರಬರಬಹುದೇ? ಅವನನ್ನು ಸುಡುವುದು ನೇರ ಬಿಸಿಲೋ, ಬರೀ ಹಗಲೋ? ಮೊದಲ ಪುಟ ಬರೆಯುವ ಮುಂಚೆ ಇದು ತೀರ್ಮಾನವಾಗಿರಬೇಕು. ನಡುವೆ ಬದಲಿಸಿದರೆ ಓದುಗರು ಹಿಡಿದುಬಿಡುತ್ತಾರೆ.

ನಿಮ್ಮ ಜಾಗಕ್ಕೆ ಹೇಳಿ ಮಾಡಿಸಿದ ನಿಯಮ ಸ್ಟೋಕರನಲ್ಲೇ ಇದೆ, ಅದನ್ನು ಬಳಸುವವರು ಕಡಿಮೆ. ವ್ಯಾಂಪೈರ್ ಹರಿಯುವ ನೀರು ದಾಟಬೇಕಾದರೆ ಭರತದ ಹೊತ್ತಾಗಬೇಕು, ಇಲ್ಲವೇ ನೀರು ಏರದೆ ಇಳಿಯದೆ ನಿಂತ ಹೊತ್ತಾಗಬೇಕು. ಕಾಳಿಯ ಅಳಿವೆಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆ ಕಾಲು, ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ. ಅವಳು ಸದಾಶಿವಗಡದ ದಡದಲ್ಲಿ, ಅವನು ಕೋಡಿಬಾಗದ ದಡದಲ್ಲಿ ಇದ್ದರೆ ಅವರ ಭೇಟಿಯ ಹೊತ್ತನ್ನು ಚಂದ್ರ ಗೊತ್ತು ಮಾಡುತ್ತಾನೆ. ಭೇಟಿಗೆ ಕತ್ತಲೂ ಬೇಕು, ನೀರೂ ಒಪ್ಪಬೇಕು. ಇಷ್ಟರಿಂದಲೇ ಅರ್ಧ ಕಾದಂಬರಿಯ ತಳಮಳ ಹುಟ್ಟುತ್ತದೆ.

ಹುಟ್ಟೂರಿನ ಮಣ್ಣಿನ ಮೇಲೆಯೇ ಮಲಗಬೇಕು ಎಂಬ ಇನ್ನೊಂದು ನಿಯಮವಿದೆ. ಡ್ರಾಕುಲಾ 50 ಪೆಟ್ಟಿಗೆ ಮಣ್ಣು ಹಡಗಿನಲ್ಲಿ ಸಾಗಿಸುತ್ತಾನೆ. ನಿಮ್ಮ ನಾಯಕ ಹಳೆಯ ಸೂಪಾದವನಾಗಿದ್ದರೆ? ಆ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ, ಅದೂ ಇದೇ ಕಾಳಿಗೆ ಕಟ್ಟಿದ ಅಣೆಕಟ್ಟು. ಮುಳುಗುವ ಮುಂಚೆ ತಂದಿಟ್ಟುಕೊಂಡ ಮಣ್ಣು ಬಿಟ್ಟರೆ ಅವನಿಗೆ ಬೇರೆ ಗತಿಯಿಲ್ಲ, ಪ್ರತಿ ಮಳೆಗಾಲಕ್ಕೂ ಅದು ಕರಗುತ್ತ ಬರುತ್ತದೆ. ಇದನ್ನು ಸಲಹೆ ಎಂದೇ ತೆಗೆದುಕೊಳ್ಳಿ, ಆದರೆ ನಮಗೆ ಇದರಲ್ಲಿ ಬಹಳ ಆಸೆಯಿದೆ.

ಕರೆಯದೆ ಮನೆಯೊಳಗೆ ಬರುವಂತಿಲ್ಲ ಎಂಬ ನಿಯಮವನ್ನು ಪಾಶ್ಚಾತ್ಯ ಬಾಗಿಲಿಗೆ ತಗಲಿಹಾಕಬೇಡಿ. ನಮ್ಮಲ್ಲಿ ಜಗಲಿಗೆ ಯಾರೂ ಕರೆಯದೆಯೇ ಬಂದು ಕೂರುತ್ತಾರೆ. ತಡೆ ಇರುವುದು ಒಳಗಿನ ಹೊಸ್ತಿಲಲ್ಲಿ. ಅವನು ಜಗಲಿಯವರೆಗೆ ಬರಲಿ. ಬಂದವರಿಗೆ ಮೊದಲ ಮಾತೇ “ಆಸರಿಗೆ ಏನು ಬೇಕು?” ಪ್ರತಿಸಲವೂ ಬೆಲ್ಲ-ನೀರು, ಮಜ್ಜಿಗೆ, ಚಹಾ ಎಲ್ಲವನ್ನೂ ಬೇಡ ಎನ್ನುವ ಅತಿಥಿಯ ಮೇಲೆ ಮನೆಯ ಅಮ್ಮಮ್ಮನಿಗೆ ಮೊದಲು ಅನುಮಾನ ಬರಬೇಕು, ನಾಯಕಿಗಲ್ಲ. ಆದರೆ ಕವಳದ ತಬಕು ಮುಂದಿಟ್ಟರೆ ಅವನು ಬೇಡ ಎನ್ನದಿರಲಿ. ವೀಳ್ಯದೆಲೆ, ಅಡಿಕೆ, ಸುಣ್ಣ ಕೂಡಿ ತುಟಿ ಕೆಂಪಾದವನ ಬಾಯಿಯ ಕೆಂಪನ್ನು ಊರಲ್ಲಿ ಯಾರು ಪ್ರಶ್ನಿಸುತ್ತಾರೆ? ಬೆಳ್ಳುಳ್ಳಿ ಬಿಟ್ಟುಬಿಡಿ, ಅದನ್ನು ಒಳಗೇ ತಾರದ ಅಡುಗೆಮನೆಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಇವೆ.

ಇನ್ನು ರಕ್ತದ ಪ್ರಮಾಣ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ರಕ್ತದಾನದಲ್ಲಿ ಒಮ್ಮೆಗೆ ತೆಗೆಯುವುದು 350 ಅಥವಾ 450 ಮಿಲಿಲೀಟರ್, ಆಮೇಲೆ ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳ ಬಿಡುವು. ಎರಡು ಲೀಟರ್ ಒಮ್ಮೆಲೇ ಹೋದರೆ ಪ್ರಾಣಕ್ಕೇ ಅಪಾಯ. ನಾಯಕಿ ವಾರಕ್ಕೊಮ್ಮೆ ರಕ್ತ ಕೊಟ್ಟು ಮರುದಿನ ಗುಡ್ಡ ಹತ್ತುವ ದೃಶ್ಯ ನಿಲ್ಲುವುದಿಲ್ಲ. ಏದುಸಿರು, ಬಿಳಿಚಿದ ಕಣ್ಣು, ಎದ್ದು ನಿಂತರೆ ತಲೆಸುತ್ತು ಇವನ್ನೆಲ್ಲ ಬರೆಯಬೇಕು. ಕಚ್ಚಿದ ಗಾಯ ಹೇಗಿರುತ್ತದೆಂದು ಮಳೆಗಾಲದಲ್ಲಿ ತೋಟಕ್ಕೆ ಹೋದವರನ್ನು ಕೇಳಿ. ಉಂಬಳ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅದು ಬಿಟ್ಟ ಮೇಲೂ ಗಂಟೆಗಟ್ಟಲೆ ರಕ್ತ ಒಸರುತ್ತಿರುತ್ತದೆ, ಏಕೆಂದರೆ ಅದರ ಜೊಲ್ಲಿನಲ್ಲಿರುವ ಒಂದು ವಸ್ತು ರಕ್ತ ಹೆಪ್ಪುಗಟ್ಟಲು ಬಿಡದು. ಎರಡು ಚಂದದ ಚುಕ್ಕೆ ಬಿಟ್ಟು, ಒದ್ದೆಯಾಗಿ ಅಂಟಿಕೊಂಡ ದಿಂಬಿನ ಬಟ್ಟೆ ಬರೆಯಿರಿ.

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗಳು ಇಂಥ ಕಾದಂಬರಿಗಳಲ್ಲೇ ಮುಳುಗಿದ್ದಾಳೆ. ತಡೆಯಲೇ?
— ತಾಯಿ, ಕುಮಟಾ

ಉತ್ತರ: ತಡೆಯಬೇಡಿ, ಅದೇ ಪುಸ್ತಕ ನೀವೂ ಓದಿ. ದೊಡ್ಡವರಿಗಾಗಿಯೇ ಬರೆದ ವ್ಯಾಂಪೈರ್ ಪ್ರೇಮಕಥೆಗಳೂ ಅದೇ ಬಗೆಯ ಮುಖಪುಟದಲ್ಲಿ ಬರುತ್ತವೆ, ಹಾಗಾಗಿ ಕೊಳ್ಳುವ ಮೊದಲು ಹಿಂಬದಿಯ ವಿವರ ನೋಡಿ. ಓದಿದ ಮೇಲೆ ಊಟಕ್ಕೆ ಕೂತಾಗ ಮೂರು ವಿಷಯ ಮಾತಾಡಿ: ಹುಡುಗಿ ಮಲಗಿದ್ದಾಗ ನಾಯಕ ಹೇಳದೆ ಕೇಳದೆ ಕೋಣೆಗೆ ಬಂದು ನೋಡುತ್ತ ಕೂರುವುದು ಸರಿಯೇ, ಅವನಿಗಾಗಿ ಅವಳು ಯಾವ ಯಾವ ಗೆಳತಿಯರನ್ನು ಬಿಟ್ಟಳು, ಅವನು ಬಿಟ್ಟುಹೋದಾಗ ಅವಳು ದಿನ ಹೇಗೆ ಕಳೆದಳು. ಉಪದೇಶ ಬೇಡ. ಮಗಳ ಉತ್ತರ ಕೇಳಿದರೆ, ನೀವು ಎಣಿಸಿದ್ದಕ್ಕಿಂತ ಅವಳು ಹೆಚ್ಚು ಯೋಚಿಸಿದ್ದಾಳೆ ಎಂದು ತಿಳಿಯಬಹುದು.

ಪ್ರಶ್ನೆ: ಯಾಣದ ಕಡೆಯ ಗುಹೆಗಳಲ್ಲಿ ರಕ್ತ ಕುಡಿಯುವ ಬಾವಲಿಗಳಿವೆಯೇ?
— ಹೈಸ್ಕೂಲ್ ವಿದ್ಯಾರ್ಥಿ, ಹೊನ್ನಾವರ

ಉತ್ತರ: ಇಲ್ಲ. ರಕ್ತ ಕುಡಿಯುವ ಬಾವಲಿಗಳು ಮೂರೇ ಜಾತಿ, ಮೂರೂ ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗೆ ಮಾತ್ರ ಇವೆ. ಅವು ಕುಡಿಯುವುದು ರಾತ್ರಿಗೆ ಒಂದೆರಡು ದೊಡ್ಡ ಚಮಚದಷ್ಟು. ಎರಡು ಮೂರು ರಾತ್ರಿ ಸಿಗದಿದ್ದರೆ ಸತ್ತೇ ಹೋಗುತ್ತವೆ, ಹಾಗಾಗಿ ಹೊಟ್ಟೆ ತುಂಬಿದ ಬಾವಲಿ ಹಸಿದ ಜೊತೆಗಾರನಿಗೆ ಕಕ್ಕಿ ಕೊಡುವುದುಂಟು. ನಮ್ಮ ದೇಶದಲ್ಲಿ ಫಾಲ್ಸ್ ವ್ಯಾಂಪೈರ್ ಎಂಬ ಹೆಸರಿನ ಬಾವಲಿ ಇದೆ. ಅದು ಕೀಟ, ಕಪ್ಪೆ, ಹಲ್ಲಿ, ಇಲಿಗಳನ್ನು ಹಿಡಿದು ತಿನ್ನುತ್ತದೆ, ರಕ್ತ ಹೀರುವುದಿಲ್ಲ. ತೋಟದಲ್ಲಿ ಹಣ್ಣಡಿಕೆಯ ಸಿಪ್ಪೆ ಚೀಪುವವು ಹಣ್ಣು ತಿನ್ನುವ ಬಾವಲಿಗಳು. ಯಾವ ಬಾವಲಿಯನ್ನೂ ಬರಿಗೈಯಲ್ಲಿ ಮುಟ್ಟಬೇಡ, ಅವು ಕಚ್ಚಿ ಬೀಳಿಸಿದ ಪೇರಳೆ, ಮಾವು ತಿನ್ನಬೇಡ.