ಮುಚ್ಚಿಹೋದ ಥೀಮ್ ಪಾರ್ಕಿನಲ್ಲಿದ್ದ ಹಳೆಯ ವಿಲ್ಲಿಸ್ ಜೀಪನ್ನು ಪತ್ತೆಹಚ್ಚುವುದು ಹೇಗೆ?

ಚಾಸಿ ಸಂಖ್ಯೆಯನ್ನು, ಅಂದರೆ ವಾಹನದ ಚೌಕಟ್ಟಿಗೆ ತಯಾರಕರು ಕೊಟ್ಟ ಸಂಖ್ಯೆಯನ್ನು, ಹಿಡಿದು ಹುಡುಕಬೇಕು. ಪಾರ್ಕಿನ ಹಳೆಯ ಫೋಟೊದಲ್ಲಿ ಕಾಣುವ ನಂಬರ್ ಪ್ಲೇಟನ್ನು ಮಾತ್ರ ನಂಬಿಕೊಂಡರೆ ದಾರಿ ತಪ್ಪುವ ಸಾಧ್ಯತೆ ಹೆಚ್ಚು. ವಾಹನವು ಬೇರೆ ರಾಜ್ಯಕ್ಕೆ ಹೋಗಿ ಮರುನೋಂದಣಿಯಾದರೆ ಅದರ ಮೂಲ ಸಂಖ್ಯೆ (ಉದಾಹರಣೆಗೆ, ಕಾರವಾರದ ಕೆಎ-30 ಅಥವಾ ಶಿರಸಿಯ ಕೆಎ-31) ಬದಲಾಗುತ್ತದೆ. 2021ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ಹೊಸದಾಗಿ ನೋಂದಾಯಿಸಿದರೆ, ‘ವಿಎ’ ಅಕ್ಷರಗಳಿರುವ ಬೇರೆಯೇ ಸಂಖ್ಯೆ ಸಿಗುತ್ತದೆ. ಆದರೆ ಚಾಸಿ ಸಂಖ್ಯೆ ವಾಹನದ ಚೌಕಟ್ಟಿಗೇ ಸೇರಿದ್ದು, ಮಾಲೀಕರು ಬದಲಾದರೂ ಅದು ಬದಲಾಗುವುದಿಲ್ಲ.

ಈ ಸಂಖ್ಯೆ ಪಾರ್ಕಿನ ಖರೀದಿ ಕಾಗದ, ಹಳೆಯ ಆರ್‌ಸಿ ಪುಸ್ತಕ ಅಥವಾ ವಿಮಾ ಪತ್ರದಲ್ಲಿ ಸಿಗಬಹುದು. ಪ್ರದರ್ಶನಕ್ಕಷ್ಟೇ ನಿಲ್ಲಿಸಿದ್ದ ಜೀಪುಗಳು ಸಾಮಾನ್ಯವಾಗಿ ರಸ್ತೆಗಿಳಿಯದೆ ಇತರ ಸಾಮಾನುಗಳೊಂದಿಗೆ ಹರಾಜಾಗುವುದರಿಂದ, ಸಾರಿಗೆ ಕಚೇರಿಗಿಂತ ಮೊದಲು ಹರಾಜಿನ ಪಟ್ಟಿಯನ್ನೂ ಊರಿನ ಗುಜರಿ ವ್ಯಾಪಾರಿಯನ್ನೂ ವಿಚಾರಿಸುವುದು ನನ್ನ ಮಟ್ಟಿಗೆ ಸರಿಯಾದ ಕ್ರಮ.

ಜೀಪು ಸಿಕ್ಕಿತೆನ್ನಿ: ಎರಡನೇ ಮಹಾಯುದ್ಧಕಾಲದ ವಿಲ್ಲಿಸ್ ಎಂಬಿ ಮಾದರಿ ಆಗಿದ್ದರೆ ಮುಂಭಾಗದ ಎಡ ಚೌಕಟ್ಟಿನ ಒಳಬದಿಯಲ್ಲಿ ಸಂಖ್ಯೆಯ ತಗಡು ಇರಬೇಕು. ಕರಾವಳಿಯ ಉಪ್ಪುಗಾಳಿಗೆ ಅದು ತುಕ್ಕು ಹಿಡಿದಿದ್ದರೆ ಸೀಮೆಎಣ್ಣೆ ಹಚ್ಚಿ ನಿಧಾನವಾಗಿ ಉಜ್ಜಬೇಕೇ ಹೊರತು ಗ್ರೈಂಡರ್ ಹಿಡಿಯಬಾರದು, ಏಕೆಂದರೆ ತುಕ್ಕಿನೊಂದಿಗೆ ಅಂಕಿಗಳೂ ಹೋಗಿಬಿಡುತ್ತವೆ.