‘ಫಾರ್ಮಿಗೆ ಸಹಿ ಹಾಕಿಸಿದ್ದೇನೆ, ಇನ್ನು ನನ್ನದೇನು?’

ವಿಶ್ವವಿದ್ಯಾಲಯದ ಸುರಕ್ಷತೆ, ಆರೋಗ್ಯ, ಕ್ಷೇಮ ಕುರಿತು ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ ಬೇರೆ ಬೇರೆ ವೇಷ ತೊಟ್ಟು ಬಂದಂಥವು. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಲ್ಯಾಬ್‌ನಲ್ಲಿ ತಿನ್ನಬೇಡಿ, ಚಪ್ಪಲಿಯಲ್ಲಿ ಬರಬೇಡಿ, ಕೂದಲು ಕಟ್ಟಿಕೊಳ್ಳಿ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟೂ ಗೊತ್ತಿಲ್ಲದವರಿಗೆ ಲ್ಯಾಬ್‌ನ ಬೀಗದ ಕೈ ಕೊಟ್ಟವರು ಯಾರು ಅಂತ ಮೊದಲು ಕೇಳಬೇಕಾಗುತ್ತದೆ.

ಪ್ರಶ್ನೆ: ನಮ್ಮ ವಿಭಾಗಕ್ಕೆ ಸೇಫ್ಟಿ ಆಫೀಸರ್ ಇದ್ದಾರೆ. ನನ್ನ ಬಳಿ ಪಿಎಚ್‌.ಡಿ. ಮಾಡುವವರೆಲ್ಲ ತರಬೇತಿ ಮುಗಿಸಿ, ‘ಎಲ್ಲ ಓದಿ ತಿಳಿದುಕೊಂಡಿದ್ದೇನೆ’ ಎಂದು ಸಹಿ ಹಾಕಿದ್ದಾರೆ. ನಾಳೆ ಏನಾದರೂ ಆದರೆ ಗೈಡ್ ಆದ ನನ್ನ ತಲೆಗೆ ಅದು ಹೇಗೆ ಬರುತ್ತದೆ?

ಆ ಕೆಲಸ ಮಾಡಲು ಹೇಳಿದವರು ನೀವು. ಯಾವ ರಾಸಾಯನಿಕ, ಎಷ್ಟು, ಯಾವಾಗ, ಯಾರ ಕೈಯಲ್ಲಿ ಎಂದು ತೀರ್ಮಾನಿಸುವವರು ನೀವು. ಬೇಡ ಎಂದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕೆಲಸ ಹಚ್ಚುವ, ನಿಲ್ಲಿಸುವ ಅಧಿಕಾರ ಯಾರಲ್ಲಿದೆಯೋ ಹೊಣೆಯೂ ಅವರದೇ. ವಿದ್ಯಾರ್ಥಿಯ ಸಹಿಯಿಂದ ಆತನಿಗೆ ಒಂದು ದಿನ ಒಂದು ಕಾಗದ ತೋರಿಸಲಾಯಿತು ಎಂಬುದಷ್ಟೇ ಸಾಬೀತಾಗುತ್ತದೆ.

ಸೇಫ್ಟಿ ಆಫೀಸರ್ ಸಲಹೆ ಕೊಡುತ್ತಾರೆ, ತಪಾಸಣೆ ಮಾಡುತ್ತಾರೆ, ವರದಿ ಬರೆಯುತ್ತಾರೆ. ನಿಮ್ಮ ಪ್ರಯೋಗವನ್ನು ಅವರು ನಡೆಸುವುದಿಲ್ಲ. ಕುಲಪತಿ ಮತ್ತು ಆಡಳಿತದವರ ಪಾಲಿಗೆ ನೀತಿ ಮತ್ತು ದುಡ್ಡು: ಹಾಳಾದ ಫ್ಯೂಮ್ ಹುಡ್ (ರಾಸಾಯನಿಕಗಳ ಆವಿಯನ್ನು ಹೊರಗೆಳೆಯುವ ಗಾಜಿನ ಗೂಡು) ರಿಪೇರಿಗೆ ಹಣ ಬಿಡುಗಡೆ ಮಾಡದೆ ‘ಸುರಕ್ಷತೆಯೇ ಮೊದಲು’ ಎಂದು ಬ್ಯಾನರ್ ಕಟ್ಟಿದರೆ ಅದು ಅವರ ತಪ್ಪು. ವಿಭಾಗದ ಮುಖ್ಯಸ್ಥರದು ಕಟ್ಟಡ, ಹಂಚಿಕೆಯ ಉಪಕರಣ, ಯಾರಿಗೆ ಯಾವ ಕೊಠಡಿ ಎಂಬ ಲೆಕ್ಕ. ವಿದ್ಯಾರ್ಥಿಯ ಕರ್ತವ್ಯ ಕಲಿಸಿದಂತೆ ಮಾಡುವುದು, ಎಡವಟ್ಟಾದರೆ ಮುಚ್ಚಿಡದೆ ಹೇಳುವುದು, ಅಪಾಯ ಕಂಡರೆ ಒಲ್ಲೆ ಎನ್ನುವುದು. ಮೇಜಿನ ಮೇಲೆ ದಿನದಿನವೂ ನಡೆಯುವ ಕೆಲಸ ಮಾತ್ರ ಗೈಡ್‌ನದೇ.

ಇದು ಬರೀ ಬೋಧನೆ ಅನ್ನಿಸಿದರೆ ಅಮೆರಿಕದ ಎರಡು ಘಟನೆ ನೋಡಿ. 2008ರ ಡಿಸೆಂಬರ್ 29ರಂದು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 23 ವರ್ಷದ ಸಂಶೋಧನಾ ಸಹಾಯಕಿಯೊಬ್ಬರು ಟರ್ಷರಿ ಬ್ಯುಟೈಲ್ ಲಿಥಿಯಂ ಅನ್ನು ಪ್ಲಾಸ್ಟಿಕ್ ಸಿರಿಂಜ್‌ನಲ್ಲಿ ಎಳೆಯುತ್ತಿದ್ದಾಗ ಅದರ ಪ್ಲಂಜರ್ (ಎಳೆಯುವ ಒಳದಂಡ) ಕಳಚಿ ಹೊರಬಂತು. ಗಾಳಿ ಸೋಕಿದರೆ ತಾನೇ ಹೊತ್ತಿಕೊಳ್ಳುವ ವಸ್ತು ಅದು. ಮೈಮೇಲೆ ಲ್ಯಾಬ್ ಕೋಟು ಇರಲಿಲ್ಲ, ಸಿಂಥೆಟಿಕ್ ಸ್ವೆಟರ್ ಇತ್ತು. 18 ದಿನಗಳ ನಂತರ ಅವರು ತೀರಿಕೊಂಡರು. ಅದೇ ಲ್ಯಾಬ್‌ನಲ್ಲಿ ಕೋಟು ಧರಿಸುತ್ತಿಲ್ಲ ಎಂದು ಎರಡು ತಿಂಗಳ ಹಿಂದಿನ ತಪಾಸಣೆಯಲ್ಲೇ ಬರೆದಿತ್ತು. ಮುಂದೆ ಪ್ರಾಧ್ಯಾಪಕರ ಮೇಲೆ ಕ್ರಿಮಿನಲ್ ಮೊಕದ್ದಮೆ ಬಿತ್ತು. 2014ರಲ್ಲಿ ಸಮುದಾಯ ಸೇವೆಯೂ ಸೇರಿದಂತೆ ಷರತ್ತುಗಳಿದ್ದ ಒಪ್ಪಂದದಲ್ಲಿ ಅದು ನಿಂತಿತು.

ಇಂಥ ವಸ್ತುವನ್ನು ಸಿರಿಂಜಿಗೆ ಎಳೆಯುವ ಕೆಲಸದಲ್ಲಿ ಎಡವುವ ಜಾಗಗಳು ಹೊಸವೇನಲ್ಲ. ಸೂಜಿ ಗಿಡ್ಡವಾಗಿದ್ದರೆ ಬಾಟಲಿಯನ್ನು ಬುಡಮೇಲು ಮಾಡಬೇಕಾಗುತ್ತದೆ. ಒಂದರಿಂದ ಎರಡು ಅಡಿ ಉದ್ದದ ಸೂಜಿ ಇದ್ದರೆ ಬಾಟಲಿ ನೆಟ್ಟಗೇ ಕ್ಲ್ಯಾಂಪಿನಲ್ಲಿ ನಿಲ್ಲುತ್ತದೆ. ಪ್ಲಂಜರನ್ನು ಕೈಯಿಂದ ಎಳೆಯಬಾರದು. ಬಾಟಲಿಗೆ ಒಣ ನೈಟ್ರೋಜನ್ ಅಥವಾ ಆರ್ಗಾನ್‌ನ ಸಣ್ಣ ಒತ್ತಡ ಕೊಟ್ಟು, ಅದು ಪ್ಲಂಜರನ್ನು ಹಿಂದಕ್ಕೆ ತಳ್ಳುವಂತೆ ಬಿಡಬೇಕು. ಸಿರಿಂಜನ್ನು ಅದರ ಅಳತೆಯ ಅರ್ಧದಷ್ಟು ಮಾತ್ರ ತುಂಬಬೇಕು. 50 ಮಿಲಿಲೀಟರ್ ದಾಟಿದರೆ ಸಿರಿಂಜನ್ನೇ ಬಿಟ್ಟು ಕ್ಯಾನುಲಾ (ಒಂದು ಪಾತ್ರೆಯಿಂದ ಇನ್ನೊಂದಕ್ಕೆ ದ್ರವ ಹರಿಸುವ ಉದ್ದನೆಯ ಪೊಳ್ಳು ಸೂಜಿ) ಹಿಡಿಯಬೇಕು. ‘ನಾನು ಓದಿದ್ದೇನೆ’ ಎಂದು ಸಹಿ ಹಾಕಿದ ಎಷ್ಟು ಜನರಿಗೆ ಇದನ್ನು ಯಾರಾದರೂ ಕೈಯಲ್ಲಿ ಮಾಡಿ ತೋರಿಸಿದ್ದಾರೆ? ಸಾಮಾನ್ಯ ತರಬೇತಿಯಲ್ಲಿ ಇದು ಬರುವುದಿಲ್ಲ, ಬರಲೂ ಸಾಧ್ಯವಿಲ್ಲ. ತೋರಿಸಬೇಕಾದವರು ನೀವು ಇಲ್ಲವೇ ನೀವು ಹೆಸರಿಸಿ ನೇಮಿಸಿದ ಹಿರಿಯ ಸಂಶೋಧಕರು. ಮೊದಲು ಮಾಡಿ ತೋರಿಸಿ, ಆಮೇಲೆ ಬರೀ ದ್ರಾವಕ ತುಂಬಿದ ಬಾಟಲಿಯಲ್ಲಿ ಅವರಿಂದ ಮಾಡಿಸಿ, ಕೊನೆಗೆ ನಿಜವಾದ ವಸ್ತುವಿನ ಜತೆ ಮಾಡುವಾಗ ಪಕ್ಕದಲ್ಲೇ ನಿಂತು ನೋಡಿ. ಮೂರೂ ಆದ ಮೇಲಷ್ಟೇ ‘ಒಬ್ಬರೇ ಮಾಡಬಹುದು’ ಎಂದು ತಾರೀಖು ಹಾಕಿ ಬರೆಯಿರಿ.

ಎರಡನೆಯದು 2010ರ ಜನವರಿ, ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯ. ಸ್ಫೋಟಕ ಗುಣವಿದ್ದ ನಿಕೆಲ್ ಹೈಡ್ರಾಜಿನ್ ಪರ್‌ಕ್ಲೋರೇಟನ್ನು 100 ಮಿಲಿಗ್ರಾಂ ಮೀರಿ ತಯಾರಿಸಬಾರದು ಎಂಬ ಮಾತು ಇತ್ತು. ಆದರೆ ಮಾತು ಮಾತಾಗಿಯೇ ಉಳಿದಿತ್ತು, ಬರಹದಲ್ಲಿ ಎಲ್ಲೂ ಇರಲಿಲ್ಲ. ಪರೀಕ್ಷೆಗೆಲ್ಲ ಒಂದೇ ತಯಾರಿಕೆಯ ಪುಡಿ ಸಾಕಾಗಲಿ ಎಂದು ವಿದ್ಯಾರ್ಥಿಗಳು ಸುಮಾರು 10 ಗ್ರಾಂ ಮಾಡಿದರು, ಅಂದರೆ ನೂರು ಪಟ್ಟು. ಅದನ್ನು ಕುಟ್ಟಾಣಿಯಲ್ಲಿ ಪುಡಿಮಾಡುವಾಗ ಸಿಡಿದು ಒಬ್ಬ ವಿದ್ಯಾರ್ಥಿ ಮೂರು ಬೆರಳು ಕಳೆದುಕೊಂಡರು, ಕಣ್ಣಿಗೂ ಪೆಟ್ಟಾಯಿತು. ಅಷ್ಟು ಹೊತ್ತಿಗೆ ರಕ್ಷಣಾ ಕನ್ನಡಕ ತೆಗೆದಿಟ್ಟಿದ್ದರು.

ಪ್ರಮಾಣ ಹೆಚ್ಚಿಸುವುದನ್ನು ಬರೀ ಗುಣಾಕಾರ ಎಂದುಕೊಂಡವರೇ ಜಾಸ್ತಿ. ಫ್ಲಾಸ್ಕಿನ ಅಗಲ ಎರಡು ಪಟ್ಟಾದರೆ ಒಳಗಿನ ದ್ರವ, ಅದರ ಜತೆಗೆ ಹುಟ್ಟುವ ಶಾಖ, ಎಂಟು ಪಟ್ಟು. ಆ ಶಾಖ ಹೊರಹೋಗುವ ಮೈ ನಾಲ್ಕೇ ಪಟ್ಟು. ಚಿಕ್ಕ ಫ್ಲಾಸ್ಕಿನಲ್ಲಿ ತಣ್ಣಗಿದ್ದ ಕ್ರಿಯೆ ದೊಡ್ಡದರಲ್ಲಿ ಹಿಡಿತ ತಪ್ಪುವುದು ಹೀಗೆ. ಸ್ಫೋಟಕಗಳಲ್ಲಂತೂ ಪ್ರಮಾಣ ಹೆಚ್ಚಿದಷ್ಟೂ ಪೆಟ್ಟು ದೊಡ್ಡದು, ಬೇರೆ ಲೆಕ್ಕ ಬೇಕಿಲ್ಲ.

ಇಷ್ಟು ಹೇಳಿದ ಮೇಲೆ ‘ಸರಿ, ಒಂದು ಫಾರ್ಮೆಟ್ ಕಳಿಸಿಕೊಡಿ’ ಎಂಬ ಪತ್ರ ಬಂದೇ ಬರುತ್ತದೆ. ಕಳಿಸುವುದಿಲ್ಲ. ನಲವತ್ತು ಪುಟದ ಫಾರ್ಮೆಟ್ ಇಳಿಸಿಕೊಂಡು ಪ್ರಯೋಗದ ಹೆಸರಷ್ಟೇ ಬದಲಿಸುವ ಚಾಳಿಯಿಂದಲೇ ರಿಸ್ಕ್ ಅಸೆಸ್‌ಮೆಂಟ್ (ಅಪಾಯದ ಮುನ್ನಂದಾಜು) ಎಂಬುದು ಕಸದ ಬುಟ್ಟಿಯ ಸರಕಾಗಿದೆ. ಒಂದು ಪುಟ ಸಾಕು, ಮಾಡುವವರ ಕೈಬರಹದಲ್ಲೇ ಇರಲಿ. ಗರಿಷ್ಠ ಎಷ್ಟು ಗ್ರಾಂ ಅಥವಾ ಮಿಲಿಲೀಟರ್? ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು, ಹೇಗೆ ನಿಲ್ಲಿಸಬೇಕು? ಯಾವ ಗ್ಲೌಸ್, ಯಾವ ಕೋಟು? ಉಳಿದದ್ದು ಯಾವ ಕ್ಯಾನ್‌ಗೆ? ಕೂಗಿದರೆ ಕೇಳಿಸುವಷ್ಟು ಹತ್ತಿರ ಯಾರಿರಬೇಕು? ಪ್ರಮಾಣ, ದ್ರಾವಕ, ಉಷ್ಣತೆ, ಉಪಕರಣ, ಮಾಡುವ ವ್ಯಕ್ತಿ, ಇವುಗಳಲ್ಲಿ ಒಂದು ಬದಲಾದರೂ ಪುಟ ಹೊಸದು, ನಿಮ್ಮ ಸಹಿ ಹೊಸದು.

ಇನ್ನೊಂದು. ‘ಸ್ವಲ್ಪದರಲ್ಲಿ ತಪ್ಪಿತು’ ಎಂದು ವಿದ್ಯಾರ್ಥಿ ಬಂದು ಹೇಳಿದ ದಿನ ಬೈದಿರೋ, ಅದೇ ನಿಮಗೆ ಬರುವ ಕೊನೆಯ ಮಾಹಿತಿ. ಹವಾಯಿ ವಿಶ್ವವಿದ್ಯಾಲಯದಲ್ಲಿ 2016ರ ಮಾರ್ಚ್‌ನಲ್ಲಿ ಹೈಡ್ರೋಜನ್, ಆಕ್ಸಿಜನ್ ಬೆರೆಸಿ ತುಂಬಿದ್ದ ಟ್ಯಾಂಕ್ ಸಿಡಿದು ಸಂಶೋಧಕಿಯೊಬ್ಬರು ತೋಳನ್ನೇ ಕಳೆದುಕೊಂಡರು. ಹಿಂದಿನ ದಿನವೇ ಚಿಕ್ಕ ಟ್ಯಾಂಕೊಂದರ ಒಳಗೆ ಸಣ್ಣ ಸ್ಫೋಟವಾಗಿತ್ತು. ಕೆಲಸ ನಿಂತಿರಲಿಲ್ಲ.

ಪ್ರಶ್ನೆ: ನೀಲಿ ನೈಟ್ರೈಲ್ ಗ್ಲೌಸ್ ಎಲ್ಲದಕ್ಕೂ ಆಗುತ್ತದಲ್ಲವೇ?

ಆಗುವುದಿಲ್ಲ. ತೆಳ್ಳಗಿನ ಒಮ್ಮೆ ಬಳಸುವ ನೈಟ್ರೈಲ್‌ನಲ್ಲಿ ಡೈಕ್ಲೋರೋಮೀಥೇನ್ ಒಂದೆರಡು ನಿಮಿಷದಲ್ಲೇ ತೂರಿ ಬರುತ್ತದೆ, ಅಸಿಟೋನ್ ಕೂಡ ಬೇಗ. ಅಂಥ ಗ್ಲೌಸ್ ಹಠಾತ್ ಹನಿಗೆ ಮಾತ್ರ: ಹನಿ ಬಿದ್ದೊಡನೆ ಕಿತ್ತೆಸೆದು ಕೈ ತೊಳೆದು ಹೊಸದು ಹಾಕಬೇಕು. ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕಿ ಕ್ಯಾರನ್ ವೆಟರ್‌ಹಾನ್ ಅವರ ಲ್ಯಾಟೆಕ್ಸ್ ಗ್ಲೌಸ್ ಮೇಲೆ 1996ರಲ್ಲಿ ಡೈಮೀಥೈಲ್ ಮರ್ಕ್ಯುರಿಯ ಕೆಲವೇ ಹನಿ ಬಿತ್ತು. ಅದು ಲ್ಯಾಟೆಕ್ಸನ್ನು ಸೆಕೆಂಡುಗಳಲ್ಲಿ ದಾಟುತ್ತದೆ ಎಂಬುದು ಆಮೇಲೆ ನಡೆಸಿದ ಪರೀಕ್ಷೆಯಲ್ಲಿ ಗೊತ್ತಾಯಿತು. ಲಕ್ಷಣಗಳು ಕಾಣಿಸಿಕೊಳ್ಳಲು ತಿಂಗಳುಗಳೇ ಹಿಡಿದವು. 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. ಗ್ಲೌಸ್ ತಯಾರಕರ ಪಟ್ಟಿಯಲ್ಲಿ ನಿಮ್ಮ ರಾಸಾಯನಿಕಕ್ಕೆ ಎಷ್ಟು ನಿಮಿಷ ಎಂದಿದೆ ಎಂಬುದನ್ನು ನೋಡಿಯೇ ಖರೀದಿಸಿ. ಅಗ್ಗಕ್ಕೆ ಸಿಕ್ಕಿತೆಂದು ಸಾವಿರ ಜೊತೆ ತರಿಸಬೇಡಿ.

ಪ್ರಶ್ನೆ: ಆಸಿಡ್ ಸಿಡಿದರೆ ಸೋಡಾ ಪುಡಿ ಕಲಸಿದ ನೀರು ಹಾಕಬೇಕು ಎನ್ನುತ್ತಾರೆ.

ಹಾಗನ್ನುವವರನ್ನು ಲ್ಯಾಬ್‌ನಿಂದ ಆಚೆ ಕಳಿಸಿ. ತಟಸ್ಥಗೊಳಿಸುವ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ, ಪುಡಿ ಹುಡುಕುವುದರಲ್ಲಿ ಹೊತ್ತು ಹೋಗುತ್ತದೆ. ಚೆಲ್ಲಿದ ನೆಲಕ್ಕೆ ಸೋಡಾ ಸರಿ, ಚರ್ಮಕ್ಕೆ ಮತ್ತು ಕಣ್ಣಿಗೆ ನೀರೊಂದೇ, 15 ನಿಮಿಷ, ಗಡಿಯಾರ ನೋಡಿಕೊಂಡು. ಬಟ್ಟೆ ಬಿಚ್ಚಲು ಸಂಕೋಚ ಬೇಡ. ಕಣ್ಣು ತೊಳೆಯುವ ಐವಾಷ್ 10 ಸೆಕೆಂಡಿನಲ್ಲಿ ತಲುಪುವಷ್ಟು ಹತ್ತಿರ, ದಾರಿಯಲ್ಲಿ ಕುರ್ಚಿ, ಪೆಟ್ಟಿಗೆ ಇಲ್ಲದಂತೆ ಇರಬೇಕು. ನೀರು 16ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗಿದ್ದರಷ್ಟೇ 15 ನಿಮಿಷ ಕಣ್ಣು ತೆರೆದಿಡಲು ಆಗುತ್ತದೆ. ವಾರಕ್ಕೊಮ್ಮೆ ಹರಿಸದಿದ್ದರೆ ಪೈಪಿನಲ್ಲಿ ನಿಂತ ತುಕ್ಕು, ಪಾಚಿಯೇ ಮೊದಲು ಕಣ್ಣಿಗೆ ಬರುತ್ತದೆ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮಕ್ಕೆ ಬಿದ್ದರೆ ಮಾತ್ರ ನಿಯಮ ಬೇರೆ: 5 ನಿಮಿಷ ನೀರು, ಆಮೇಲೆ ಶೇ 2.5ರ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಉಜ್ಜುತ್ತಲೇ ಆಸ್ಪತ್ರೆಗೆ. ಆ ಜೆಲ್ ಅವಧಿ ಮೀರದೆ ಕೊಠಡಿಯಲ್ಲಿ ಇಲ್ಲದಿದ್ದರೆ ಆ ಆಮ್ಲದ ಬಾಟಲಿಯೂ ಇರಬಾರದು.

ಪ್ರಶ್ನೆ: ದ್ರಾವಕಗಳ ಜತೆ ಕೆಲಸ ಮಾಡಿದ ದಿನ ಹಾಲು ಕುಡಿದರೆ ವಿಷ ಹೊರಹೋಗುತ್ತದೆಯೇ? ‘ಡಿಟಾಕ್ಸ್’ ಪಾನೀಯವೊಂದರ ಜಾಹೀರಾತೂ ನೋಡಿದೆ.

ಇಲ್ಲ. ಅದೂ ಇಲ್ಲ.

ಪ್ರಶ್ನೆ: ಫ್ಯೂಮ್ ಹುಡ್ ಕೆಟ್ಟಿರುವಾಗ ಎನ್‌-95 ಮಾಸ್ಕ್ ಹಾಕಿಕೊಂಡು ಕೆಲಸ ಮುಂದುವರಿಸಬಹುದೇ?

ಆ ಮಾಸ್ಕ್ ಧೂಳಿಗೆ. ದ್ರಾವಕದ ಆವಿ ಅದರೊಳಗೆ ಸಲೀಸಾಗಿ ಬರುತ್ತದೆ. ಕೆಲಸ ನಿಲ್ಲಿಸಿ, ರಿಪೇರಿ ಮಾಡಿಸಿ. ರಿಪೇರಿಯಾದ ಮೇಲೆ ಹುಡ್ಡಿನ ಮುಂಬಾಗಿಲಲ್ಲಿ ಗಾಳಿಯ ವೇಗ ಅಳೆಸಿ, ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಬರಬೇಕು. ಹುಡ್ಡನ್ನು ಕಪಾಟು ಮಾಡಿಕೊಂಡು ಹಳೆಯ ಬಾಟಲಿಗಳನ್ನು ಹಿಂಬದಿಗೆ ಒತ್ತರಿಸಿದರೆ ಗಾಳಿ ಹೋಗುವ ಸೀಳು ಮುಚ್ಚಿ, ಆವಿ ನಿಮ್ಮ ಮುಖಕ್ಕೇ ವಾಪಸ್. ಹುಡ್ಡಿನ ಮುಂಗಾಜಿನ ಅಂಚಿನಿಂದ 15 ಸೆಂಟಿಮೀಟರ್‌ನಷ್ಟು ಹಿಂದಕ್ಕೆ, ಒಳಭಾಗದಲ್ಲಿ ಕೆಲಸ ಇಟ್ಟುಕೊಳ್ಳಿ.

ಪ್ರಶ್ನೆ: ದ್ರವ ನೈಟ್ರೋಜನ್ ವಿಷವಲ್ಲ. ಲಿಫ್ಟ್‌ನಲ್ಲಿ ಜತೆಗೆ ಹೋಗಬೇಡಿ ಎನ್ನುವುದೇಕೆ?

ಒಂದು ಲೀಟರ್ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಲಿಫ್ಟ್ ಸಿಕ್ಕಿಕೊಂಡು ಡಬ್ಬಿ ಸೋರಿದರೆ ಒಳಗಿನ ಆಕ್ಸಿಜನ್ ಇಳಿಯುತ್ತದೆ. ಉಸಿರು ಕಟ್ಟಿದಂತೆ ಅನಿಸುವುದೇ ಇಲ್ಲ, ಯಾಕೆಂದರೆ ಆ ಕಷ್ಟ ಹುಟ್ಟುವುದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿದಾಗ, ಮತ್ತು ಅದನ್ನು ನೀವು ಆರಾಮವಾಗಿ ಹೊರಹಾಕುತ್ತಲೇ ಇರುತ್ತೀರಿ. ಎಚ್ಚರ ತಪ್ಪುವುದು ಸೀದಾ. ಡಬ್ಬಿಯನ್ನೊಂದೇ ಲಿಫ್ಟ್‌ಗೆ ಹತ್ತಿಸಿ, ‘ಯಾರೂ ಹತ್ತಬೇಡಿ’ ಎಂಬ ಫಲಕ ಅಡ್ಡ ಕಟ್ಟಿ, ಇಳಿಸಿಕೊಳ್ಳಲು ಮೇಲೊಬ್ಬರು ನಿಂತಿರಲಿ.

ಪ್ರಶ್ನೆ: ಲ್ಯಾಬ್‌ನಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕಬಾರದಂತೆ?

ಹಳೇ ಕಥೆ. ಗಾಗಲ್ಸ್ ಹಾಕಿ, ಲೆನ್ಸ್ ಇರಲಿ.

ಪ್ರಶ್ನೆ: ನನ್ನ ವಿದ್ಯಾರ್ಥಿನಿ ‘ನಾನಿದ್ದರೆಷ್ಟು, ಹೋದರೆಷ್ಟು’ ಎನ್ನುತ್ತಿರುತ್ತಾಳೆ. ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾನೇ ತುಂಬಿದಂತಾಗುವುದಿಲ್ಲವೇ?

ಆಗುವುದಿಲ್ಲ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಬಾಗಿಲು ಮುಚ್ಚಿ ಕೂತು, ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದೇ ಕೇಳಿ. ಹೌದು ಎಂದರೆ ‘ಹೇಗೆ, ಯಾವಾಗ ಅಂತ ಯೋಚಿಸಿದ್ದೀಯಾ?’ ಎಂದೂ ಕೇಳಿ. ಅದಕ್ಕೂ ಹೌದು ಎಂದರೆ ಒಂಟಿಯಾಗಿ ಬಿಡಬೇಡಿ. ಆಪ್ತಸಮಾಲೋಚಕರನ್ನೋ ತುರ್ತು ಸೇವೆಯನ್ನೋ ಆಗಲೇ ಕರೆಸಿ, ಅವರು ಬರುವತನಕ ಜತೆಗಿರಿ, ಲ್ಯಾಬ್‌ನ ವಿಷಪದಾರ್ಥಗಳು ಆಕೆಯ ಕೈಗೆ ಸಿಗದಂತೆ ಮಾಡಿ. ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತು ಮಾತ್ರ ಕೊಡಬೇಡಿ, ಉಳಿಸಿಕೊಳ್ಳಲು ಆಗದು. ಚಿಕಿತ್ಸಕರಾಗಲು ಹೋಗುವುದೂ ಬೇಡ.

ಇದರ ಜತೆಗೇ ಬಂದ ‘ಒತ್ತಡ ನಿವಾರಣೆಗೆ ಒಂದು ದಿನದ ಶಿಬಿರ ಮಾಡಿಸಿದ್ದೇವೆ, ಸಾಕೇ?’ ಎಂಬ ಪ್ರಶ್ನೆಗೆ: ರಾತ್ರಿ ಹನ್ನೊಂದಕ್ಕೆ ಡೇಟಾ ಕೇಳಿ ಮೆಸೇಜ್ ಹಾಕುವುದು, ಮೂರು ತಿಂಗಳು ಡ್ರಾಫ್ಟ್ ನೋಡದೆ ಇಟ್ಟುಕೊಳ್ಳುವುದು, ರಜೆ ಕೇಳಿದರೆ ಮುಖ ಗಂಟಿಕ್ಕುವುದು, ಇವನ್ನು ನಿಲ್ಲಿಸಿ. ಪ್ರೇರಣಾ ಭಾಷಣಕಾರರಿಗೆ ಕೊಡುವ ದುಡ್ಡನ್ನು ಇನ್ನೊಬ್ಬ ತರಬೇತಾದ ಆಪ್ತಸಮಾಲೋಚಕರ ಸಂಬಳಕ್ಕೆ ಇಡಿ.

ಪ್ರಶ್ನೆ: ಹಿರಿಯ ವಿದ್ಯಾರ್ಥಿಗಳು ರಾತ್ರಿ ವರ್ಕ್‌ಶಾಪ್‌ನಲ್ಲಿ ಒಬ್ಬರೇ ಕೆಲಸ ಮಾಡಬಹುದೇ?

ಲೇತ್ (ಲೋಹ, ಮರವನ್ನು ತಿರುಗಿಸಿ ಕಡೆಯುವ ಯಂತ್ರ), ಗರಗಸ, ಅಪಾಯಕಾರಿ ರಾಸಾಯನಿಕ, ಹೈ ವೋಲ್ಟೇಜ್ ಇದ್ದರೆ ಎಷ್ಟೇ ಹಿರಿಯರಾದರೂ ಇಲ್ಲ. 2011ರ ಏಪ್ರಿಲ್‌ನಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಕೂದಲು ಲೇತ್‌ಗೆ ಸಿಕ್ಕಿ ಸತ್ತ ವಿದ್ಯಾರ್ಥಿನಿ ಕೊನೆಯ ವರ್ಷದವರು, ರಾತ್ರಿ ಒಬ್ಬರೇ ಇದ್ದರು. ಸಿಸಿಟಿವಿ ಇದೆಯಲ್ಲ ಎನ್ನಬೇಡಿ, ಅದಕ್ಕೆ ಸ್ವಿಚ್ ಆರಿಸಲು ಕೈಯಿಲ್ಲ.

ಪ್ರಶ್ನೆ: ಫೈರ್ ಡೋರ್ (ಬೆಂಕಿ, ಹೊಗೆ ಹರಡದಂತೆ ತಡೆಯುವ ಬಾಗಿಲು) ಪದೇ ಪದೇ ಮುಚ್ಚಿಕೊಳ್ಳುತ್ತದೆಂದು ಬೆಂಕಿ ಆರಿಸುವ ಸಿಲಿಂಡರನ್ನೇ ಅಡ್ಡ ಇಟ್ಟಿದ್ದೇವೆ. ತಪ್ಪೇ?

ಒಂದೇ ಏಟಿಗೆ ಎರಡು ತಪ್ಪು. ಸಿಲಿಂಡರ್ ಗೋಡೆಗೆ ಹೋಗಲಿ. ಬಾಗಿಲು ಹಗಲೆಲ್ಲ ತೆರೆದೇ ಇರಬೇಕಾದರೆ, ಅಲಾರಂ ಬಡಿದೊಡನೆ ತಾನಾಗಿ ಹಿಡಿತ ಬಿಡುವ ಮ್ಯಾಗ್ನೆಟಿಕ್ ಹೋಲ್ಡರ್ ಹಾಕಿಸಿ.