ಮೆಂತ್ಯ ಶುರು ಮಾಡಿದ್ದೇವೆ, ಇನ್ಸುಲಿನ್ ಬಿಡಬಹುದಾ?

ಪ್ರಶ್ನೆ: ನಮ್ಮ ತಂದೆಗೆ ಹತ್ತು ವರ್ಷದಿಂದ ಶುಗರ್. ಎರಡು ಹೊತ್ತು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಯಾರೋ ಹೇಳಿದರು ಅಂತ ಒಂದು ತಿಂಗಳಿಂದ ನೆನೆಸಿದ ಮೆಂತ್ಯ, ಹಾಗಲಕಾಯಿ ರಸ ಎರಡೂ ನಡೆದಿದೆ. ಖಾಲಿ ಹೊಟ್ಟೆಯ ಶುಗರ್ 170 ಇದ್ದದ್ದು 130ಕ್ಕೆ ಬಂತು. ಇನ್ನು ಸೂಜಿ ಬೇಡ ಅಂತ ಹಟ ಹಿಡಿದಿದ್ದಾರೆ. ನಿಲ್ಲಿಸಬಹುದಾ?

ಉತ್ತರ: ಬೇಡ. ಡಾಕ್ಟರನ್ನು ಕೇಳದೆ ಒಂದು ಯೂನಿಟ್ ಕೂಡ ಕಡಿಮೆ ಮಾಡಬೇಡಿ. ಆ 130 ಬಂದದ್ದು ಇನ್ಸುಲಿನ್ ನಡೆಯುತ್ತಿರುವಾಗಲೇ ಅಲ್ವಾ? ಹೆಸರೆಲ್ಲ ಮೆಂತ್ಯಕ್ಕೆ ಯಾಕೆ?

ಮೆಂತ್ಯದಲ್ಲಿ ಏನೂ ಇಲ್ಲ ಅಂತಲ್ಲ. ನೆನೆಸಿದರೆ ಲೋಳೆ ಬರುತ್ತದಲ್ಲ, ಅದು ನಾರು. ಊಟದ ಜೊತೆ ಹೊಟ್ಟೆಗೆ ಹೋದರೆ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ, ಹಾಗಾಗಿ ಊಟವಾದ ಮೇಲಿನ ಶುಗರ್ ಅಷ್ಟು ಜೋರಾಗಿ ಏರುವುದಿಲ್ಲ. ನೀರು ಮಾತ್ರ ಕುಡಿದು ಕಾಳು ಎಸೆಯುವವರಿಗೆ ಈ ನಾರಿನ ಬಹುಪಾಲು ಸಿಗುವುದೇ ಇಲ್ಲ. ಹಾಗಲಕಾಯಿಯಲ್ಲಿ ‘ಗಿಡದ ಇನ್ಸುಲಿನ್’ ಇದೆ ಅಂತ ಸುಮ್ನೆ ಹಬ್ಬಿಸುತ್ತಾರೆ. ಇನ್ಸುಲಿನ್ ಅನ್ನುವುದು ಪ್ರೋಟೀನ್, ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ, ಅದಕ್ಕೇ ಸೂಜಿ. ರಸದಲ್ಲಿರುವ ಪ್ರೋಟೀನಿಗೆ ಮಾತ್ರ ವಿನಾಯಿತಿ ಇದೆಯಾ? ಹಾಗಲದ ಬೇರೆ ಅಂಶಗಳು ಕೆಲವರಲ್ಲಿ ಶುಗರನ್ನು ಒಂದಿಷ್ಟು ಇಳಿಸಬಹುದು. ಆದರೆ ಒಂದು ಕಾಯಿಯ ಹಾಗೆ ಇನ್ನೊಂದಿರುವುದಿಲ್ಲ, ಲೆಕ್ಕ ಹಾಕಿ ಕುಡಿಯುವುದು ಹೇಗೆ?

ನನಗೆ ಜಾಸ್ತಿ ಭಯ ಇರುವುದು ಇಲ್ಲೇ. ಇನ್ಸುಲಿನ್ನೂ ರಸವೂ ಸೇರಿ ಶುಗರ್ 70ಕ್ಕಿಂತ ಕೆಳಗೆ ಹೋದರೆ ಕೈ ನಡುಗುತ್ತದೆ, ಬೆವರು ಸುರಿಯುತ್ತದೆ, ಎದೆ ಡವಡವ ಅನ್ನುತ್ತದೆ. ಎಚ್ಚರ ಇದ್ದರೆ ತಕ್ಷಣ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ನೇರ ಆಸ್ಪತ್ರೆಗೆ. ಮೀಟರಿನ ನಂಬರುಗಳನ್ನು ಬರೆದಿಟ್ಟು ಡಾಕ್ಟರಿಗೆ ತೋರಿಸಿ, ಮನೆಮದ್ದಿನ ವಿಷಯ ಮುಚ್ಚಿಡಬೇಡಿ (ಬೈಯುತ್ತಾರೆ ಅಂತ ಮುಚ್ಚಿಡುವವರೇ ಹೆಚ್ಚು). ಡೋಸ್ ಇಳಿಸುವ ಹಾಗಿದ್ದರೆ ಅವರೇ ಇಳಿಸುತ್ತಾರೆ.

ಪ್ರಶ್ನೆ: ಟೈಪ್ 1 ಇರುವ ಮಗನಿಗೆ ಕಷಾಯ ಕೊಟ್ಟು ಇನ್ಸುಲಿನ್ ಬಿಡಿಸಬಹುದೇ?

ಉತ್ತರ: ಖಂಡಿತ ಇಲ್ಲ. ಅವನ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಹೆಚ್ಚುಕಡಿಮೆ ನಿಂತುಹೋಗಿದೆ, ಯಾವ ಕಷಾಯವೂ ಅದನ್ನು ತಂದುಕೊಡುವುದಿಲ್ಲ. ಕಷಾಯಗಳು ಹಿಂದೆಯೂ ಇದ್ದವು. ಆದರೂ 1922ರ ಜನವರಿಯಲ್ಲಿ ಟೊರಾಂಟೊದ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವ ತನಕ ಇಂಥ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ಇನ್ಸುಲಿನ್ ತಪ್ಪಿದರೆ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ.